ಅಂತಃಕರಣ: ಒಳಗಿನ ಉಪಕರಣ



“ಆ ಡಾಕ್ಟರು ಭಾಳ ಅಂತಃಕರಣದವರು”, “ಅವನಿಗೆ ಸ್ವಲ್ಪಾದರೂ ಅಂತಃಕರಣ ಐತೇನ್ರಿ?” ಇಂತಹ ಮಾತು ವಾರ್ಡಿನಲ್ಲಿ ದಿನವೂ ಕಿವಿಗೆ ಬೀಳುತ್ತದೆ. ದಯೆ, ಮರುಕ, ಪ್ರೀತಿ ಎಲ್ಲವನ್ನೂ ನಾವು ಈ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಈ ಪದದ ಅರ್ಥ ತಿಳಿದುಕೊಂಡರೆ ರೋಗಿಯ ಆರೈಕೆಗೂ ಅನುಕೂಲವಾಗುತ್ತದೆ.

ಪದದ ಮೂಲ

ಇದು ಸಂಸ್ಕೃತದಿಂದ ಬಂದ ಪದ. ‘ಅಂತಃ’ ಎಂದರೆ ಒಳಗೆ, ‘ಕರಣ’ ಎಂದರೆ ಸಾಧನ. ಥರ್ಮಾಮೀಟರು, ಬಿ.ಪಿ. ನೋಡುವ ಯಂತ್ರ ಇವುಗಳನ್ನು ಉಪಕರಣ ಎನ್ನುತ್ತೇವಲ್ಲವೇ? ಅದರಲ್ಲಿರುವುದೂ ಇದೇ ‘ಕರಣ’. ಕಣ್ಣು, ಕಿವಿ ಮೊದಲಾದವು ಹೊರಗಿನ ಸಾಧನಗಳು. ಅಂತಃಕರಣ ಒಳಗಿನ ಸಾಧನ. ಕೆಲವರು ‘ಅಂತಃಕರುಣೆ’ ಎಂದೂ ಹೇಳುವುದುಂಟು. ಭಾವ ಸರಿಯೇ, ಆದರೆ ಮೂಲ ಪದ ‘ಕರಣ’.

ವೇದಾಂತದಲ್ಲಿ ಅಂತಃಕರಣಕ್ಕೆ ನಾಲ್ಕು ಭಾಗ ಹೇಳುತ್ತಾರೆ: ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ. ಅಲ್ಲಿ ಈ ಪದಕ್ಕೆ ದಯೆ ಎಂಬ ಅರ್ಥವಿಲ್ಲ. ದಯೆಯ ಅರ್ಥ ಬಂದಿದ್ದು ಜನರ ಆಡುಮಾತಿನಲ್ಲಿ. ಇನ್ನೊಬ್ಬರ ನೋವು ತನಗೆ ತಿಳಿಯದಿದ್ದರೆ ಒಳಗಿನ ಸಾಧನ ಇದ್ದೂ ಇಲ್ಲದಂತೆ ಅಲ್ಲವೇ?

‘ಅಯ್ಯೋ ಪಾಪ’ ಸಾಲದು

ರೋಗಿಯನ್ನು ನೋಡಲು ಬಂದವರು “ಅಯ್ಯೋ ಪಾಪ, ಯಾವ ಕರ್ಮವೋ ಏನೋ” ಎಂದು ಕಣ್ಣೀರು ಹಾಕುತ್ತಾರೆ. ಕನಿಕರದಿಂದ ಆಡಿದ ಮಾತೇ ಆದರೂ, ಮಲಗಿದವರ ಕಿವಿಗೆ ಅದು ‘ನಾನು ಪಾಪ ಮಾಡಿದ್ದೇನೆ’ ಎಂದು ಕೇಳಿಸಬಹುದು. ಕ್ಷಯ ಬರುವುದು ರೋಗಾಣುವಿನಿಂದ, ಪಾಪದಿಂದಲ್ಲ. ನೋವು ಕಂಡು ಮರುಗಿದರಷ್ಟೇ ಸಾಲದು. ಸಾಧನವೆಂದ ಮೇಲೆ ಅದನ್ನು ಬಳಸಬೇಕು.

ನಾಲ್ಕು ಭಾಗಗಳ ಬಳಕೆ

ಮೇಲೆ ಹೇಳಿದ ನಾಲ್ಕನ್ನೂ ಆರೈಕೆಗೆ ಹೀಗೆ ಹೊಂದಿಸಿಕೊಳ್ಳಬಹುದು.

೧. ಮನಸ್ಸು: ಮೊದಲು ಕೇಳಿಸಿಕೊಳ್ಳಿ. ‘ಶುಶ್ರೂಷೆ’ ಎಂಬ ಪದದ ಮೂಲ ಅರ್ಥವೇ ಕೇಳುವ ಇಚ್ಛೆ. ಮನೆಯವರಿಗೆ ಭಾರವಾಗುತ್ತೇನೆಂದು ಎಷ್ಟೋ ಹಿರಿಯರು ನೋವನ್ನು ಮುಚ್ಚಿಡುತ್ತಾರೆ. “ಎಲ್ಲಿ ನೋಯುತ್ತದೆ? ರಾತ್ರಿ ನಿದ್ದೆ ಬಂತೇ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

೨. ಬುದ್ಧಿ: “ಪಾಪ, ಒಂದು ದಿನ ತಿನ್ನಲಿ” ಎಂದು ಸಕ್ಕರೆ ಕಾಯಿಲೆಯವರಿಗೆ ಕದ್ದು ಹೋಳಿಗೆ ಕೊಡುವುದು ಅಂತಃಕರಣವಲ್ಲ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಅಂಶ ಇಳಿದು ಬೆವರಿ ನಡುಗುತ್ತಿದ್ದರೆ, ಎಚ್ಚರವಿರುವಾಗ ಸಕ್ಕರೆ ನೀರು ಕುಡಿಸಿ ಕೂಡಲೇ ಸಿಸ್ಟರಿಗೆ ತಿಳಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಕ್ಷಯ ರೋಗಿಯ ತಟ್ಟೆ, ಲೋಟ ಬೇರೆ ಇಡುವುದೂ ಬೇಡ. ಶ್ವಾಸಕೋಶದ ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ, ತಟ್ಟೆಯ ಮೂಲಕ ಅಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ. ಬೇರೆ ಇಟ್ಟ ತಟ್ಟೆಯಿಂದ ರೋಗ ನಿಲ್ಲುವುದಿಲ್ಲ, ರೋಗಿಯ ಮನಸ್ಸು ಮಾತ್ರ ಮುರಿಯುತ್ತದೆ.

೩. ಚಿತ್ತ: ಚಿತ್ತದ ಕೆಲಸ ನೆನಪು. ಕ್ಷಯದ ಮಾತ್ರೆಯನ್ನು ಸಾಮಾನ್ಯವಾಗಿ ೬ ತಿಂಗಳು ನುಂಗಬೇಕು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ತಾವೇ ಹೊರಳಲಾರದ ರೋಗಿಯನ್ನು ಸುಮಾರು ೨ ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು, ಸೊಂಟದಲ್ಲಿ ಒತ್ತಡದ ಹುಣ್ಣು ಆಗುತ್ತದೆ. ಹೊತ್ತಿಗೆ ಸರಿಯಾಗಿ ಇವನ್ನು ನೆನಪಿಡುವುದೂ ಅಂತಃಕರಣವೇ.

೪. ಅಹಂಕಾರ: ‘ನಾನು’ ಎಂಬ ಭಾವವನ್ನು ಸ್ವಲ್ಪ ಪಕ್ಕಕ್ಕಿಡಿ. “ನಿನಗಾಗಿ ಎಷ್ಟು ಖರ್ಚಾಯಿತು, ಎಷ್ಟು ರಾತ್ರಿ ನಿದ್ದೆಗೆಟ್ಟೆ” ಎಂದು ಹಾಸಿಗೆಯ ಪಕ್ಕದಲ್ಲಿ ಲೆಕ್ಕ ಹೇಳಬೇಡಿ. ಬೆಡ್ ಪ್ಯಾನ್ ಕೊಡುವಾಗ, ಬಟ್ಟೆ ಬದಲಿಸುವಾಗ ಪರದೆ ಎಳೆಯಿರಿ. ದೇಹ ಸೋತವರಿಗೂ ಮಾನವಿದೆ.

ರೋಗಿಗಳಿಗೂ ಒಂದು ಮಾತು. ನಿಮ್ಮ ಬಳಿ ಕುಳಿತವರು ಉಂಡರೇ, ಮಲಗಿದರೇ ಎಂದು ಒಮ್ಮೆ ವಿಚಾರಿಸಿ. ಅವರಿಗೂ ದಣಿವಿದೆ. ಇಬ್ಬರು ಮೂವರು ಸರದಿಯ ಮೇಲೆ ಆರೈಕೆ ಮಾಡಿದರೆ ಒಬ್ಬರ ಮೇಲೆಯೇ ಭಾರ ಬೀಳುವುದಿಲ್ಲ.

ಆಸ್ಪತ್ರೆಯ ಉಪಕರಣಗಳು ಮನೆಗೆ ಬರುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ರೋಗಿಯ ಜೊತೆ ಮನೆಗೆ ಹೋಗುವುದು ಔಷಧದ ಚೀಟಿ ಮತ್ತು ನಿಮ್ಮ ಅಂತಃಕರಣ. ಎರಡನ್ನೂ ಜೋಪಾನ ಮಾಡಿ.