ಕುಡಿತ, ಗಾಡಿಯ ಕೀ ಮತ್ತು ಐದನೆಯ ಕಟ್ಟಳೆ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬೀಗರ ಊಟವಾಗದೆ ಮದುವೆ ಮುಗಿಯುವುದಿಲ್ಲ. ಊರಹಬ್ಬದ ತೇರು, ಕ್ರಿಸ್ಮಸ್, ಮಗುವಿನ ಜ್ಞಾನಸ್ನಾನ ಎಂದು ಬಂಧುಗಳು ಸೇರುತ್ತಲೇ ಇರುತ್ತಾರೆ. ಊಟಕ್ಕೆ ಮುಂಚೆ ಕೆಲವರು ತೋಟದ ಕಡೆ ಹೋಗಿ ಕುಡಿದು ಬರುತ್ತಾರೆ. ಸಂಜೆಗೆ ಎಲ್ಲರೂ ಗಾಡಿ ಹತ್ತಿ ತಂತಮ್ಮ ಊರಿಗೆ ಹೊರಡುತ್ತಾರೆ. ಕುಡಿತದ ಕೆಡುಕನ್ನು ಪ್ರಬೋಧನೆಗಳಲ್ಲಿ ಹಲವು ಸಲ ಕೇಳಿದ್ದೀರಿ. ಇಂದು ನಾವು ವಿಚಾರ ಮಾಡಬೇಕಾದ ಪ್ರಶ್ನೆ ಇನ್ನೊಂದು: ಹಿಂತಿರುಗುವಾಗ ಗಾಡಿ ಓಡಿಸುವವರು ಯಾರು? ಅದನ್ನು ತೀರ್ಮಾನಿಸುವುದು ಯಾವಾಗ?

1. ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವವರು ಗಾಡಿ ಓಡಿಸುವುದು ಅಪರಾಧ. ಓಡಿಸಲು ಪ್ರಯತ್ನಿಸುವುದೂ ಅಪರಾಧವೇ. ಈ ಮಿತಿ ದಾಟಲು ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಸಾಕು. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ, ಇಲ್ಲವೆ ಎರಡೂ.

188ನೇ ಕಲಂ ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿಲ್ಲ. ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎಂದು ಅದು ಹೇಳುತ್ತದೆ. ಕುಡಿದಿದ್ದಾನೆಂದು ತಿಳಿದೂ ನಿಮ್ಮ ಬೈಕಿನ ಕೀ ಕೊಟ್ಟರೆ ನೀವೂ ಇದರಡಿ ಬರಬಹುದು.

2. ಧರ್ಮಸಭೆ ಏನು ಬೋಧಿಸುತ್ತದೆ?

"ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ದ್ರಾಕ್ಷಾರಸ ಕೊಟ್ಟರಲ್ಲ ಸ್ವಾಮಿ?" ಎನ್ನುವವರಿದ್ದಾರೆ. ನಿಜ, ಧರ್ಮಸಭೆ ದ್ರಾಕ್ಷಾರಸವನ್ನು ಪಾಪವೆನ್ನುವುದಿಲ್ಲ, ಅತಿಯಾದುದನ್ನು ಪಾಪವೆನ್ನುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಕಟ್ಟಳೆಯಾದ 'ಕೊಲೆ ಮಾಡಬೇಡ' ಎಂಬುದನ್ನು ವಿವರಿಸುವಾಗ, 2290ನೇ ಪರಿಚ್ಛೇದದಲ್ಲಿ, ಕುಡಿತದಿಂದಾಗಲಿ ವೇಗದ ಹುಚ್ಚಿನಿಂದಾಗಲಿ ರಸ್ತೆಯಲ್ಲಿ ತನ್ನ ಹಾಗೂ ಪರರ ಜೀವವನ್ನು ಅಪಾಯಕ್ಕೆ ಒಡ್ಡುವವರ ದೋಷ ಗುರುತರವೆಂದು ಬೋಧಿಸುತ್ತದೆ. ಅಪಘಾತವೇ ಆಗಬೇಕೆಂದಿಲ್ಲ, ಅಪಾಯ ತಂದೊಡ್ಡಿದರೆ ಸಾಕು. "ಏನೂ ಆಗಲಿಲ್ಲವಲ್ಲ" ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

"ಆಗ ನನಗೆ ಜ್ಞಾನ ಇರಲಿಲ್ಲ" ಎಂಬ ನೆಪವೂ ನಿಲ್ಲುವುದಿಲ್ಲ. ಬುದ್ಧಿ ಮಂಕಾದವನ ಕೃತ್ಯವನ್ನು ತೂಗುವಾಗ, ಆ ಸ್ಥಿತಿಗೆ ಅವನನ್ನು ತಂದ ಮೊದಲಿನ ಕೃತ್ಯವನ್ನೂ ನೋಡಬೇಕೆಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಕಲಿಸಿದರು. ಗಾಡಿಯ ಕೀ ಜೇಬಿನಲ್ಲಿಟ್ಟುಕೊಂಡೇ ಮೊದಲ ಗ್ಲಾಸು ಎತ್ತಿದಾಗ ಬುದ್ಧಿ ನೆಟ್ಟಗಿತ್ತು. ಹೊಣೆ ಅಲ್ಲಿಂದಲೇ ಶುರುವಾಗುತ್ತದೆ.

ಅದೇ ಗ್ರಂಥದ 1868ನೇ ಪರಿಚ್ಛೇದ ಇನ್ನೂ ಮುಂದೆ ಹೋಗುತ್ತದೆ. ಪರರ ಪಾಪಕ್ಕೆ ಸಲಹೆ ಕೊಟ್ಟವರು, ಅದನ್ನು ಹೊಗಳಿದವರು, ತಡೆಯುವ ಹೊಣೆಯಿದ್ದೂ ತಡೆಯದವರು ಆ ಪಾಪದಲ್ಲಿ ಪಾಲುದಾರರು. "ಒಂದೇ ಪೆಗ್ಗು ಭಾವ, ಏನಾಗಲ್ಲ, ತಗೊಳ್ಳಿ" ಎಂದು ಗಾಡಿ ಓಡಿಸಬೇಕಾದವರನ್ನು ಬಲವಂತ ಮಾಡುವವರು ಇದನ್ನು ನೆನಪಿಡಬೇಕು.

3. ಅಂದು ಗ್ಲಾಸು ಮುಟ್ಟದವರು ಒಬ್ಬರು

ನಮ್ಮ ಕಾಯಿದೆ ಬಂದ 1988ರಲ್ಲೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯು ಸ್ಕ್ಯಾಂಡಿನೇವಿಯಾದ ಒಂದು ರೂಢಿಯನ್ನು ಟಿ.ವಿ. ಧಾರಾವಾಹಿಗಳ ಮೂಲಕ ಪ್ರಚಾರ ಮಾಡಿತು. ಗುಂಪಿನಲ್ಲಿ ಒಬ್ಬರು ಅಂದು ಮದ್ಯ ಮುಟ್ಟುವುದೇ ಇಲ್ಲ; ಎಲ್ಲರನ್ನೂ ಮನೆ ತಲುಪಿಸುವುದು ಅವರ ಕೆಲಸ. 'ಎಲ್ಲರಿಗಿಂತ ಕಡಿಮೆ ಕುಡಿದವನು' ಇದಕ್ಕೆ ಆಗುವುದಿಲ್ಲ. ಓಡಿಸಲು ತಕ್ಕ ಸ್ಥಿತಿಯಲ್ಲಿ ಇಲ್ಲದವರ ಮನವೊಲಿಸಿ ತಡೆಯಿರೆಂದು 2007ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಚಾಲಕರ ಹತ್ತು ಕಟ್ಟಳೆಗಳಲ್ಲಿ ಆರನೆಯದು ಹೇಳುತ್ತದೆ.

ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಅಮಲನ್ನು ಬೇಗ ಇಳಿಸುವುದಿಲ್ಲ. ಯಕೃತ್ತು ತನ್ನ ನಿಧಾನದಲ್ಲೇ ಅದನ್ನು ಕರಗಿಸಬೇಕು. ತಡರಾತ್ರಿಯವರೆಗೆ ಕುಡಿದು, ಬೆಳಗಿನ ಜಾವ ರೇಷ್ಮೆಗೂಡು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟವರ ರಕ್ತದಲ್ಲೂ ಅದು ಉಳಿದಿರಬಹುದು.

ನಮ್ಮ ರಸ್ತೆಗಳನ್ನೂ ನೆನೆಯಿರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವು ಓಡುವುದು ಸರ್ವೀಸ್ ರಸ್ತೆಯಲ್ಲಿ ಮತ್ತು ಊರೊಳಗಿನ ಹಳೇ ರಸ್ತೆಯಲ್ಲಿ. ಶಾಲೆಯ ಮಕ್ಕಳು, ದನಕರು, ಡೈರಿಗೆ ಹಾಲು ಒಯ್ಯುವವರು ನಡೆಯುವುದೂ ಅಲ್ಲಿಯೇ.

4. ನಮ್ಮ ಮನೆಗಳಲ್ಲಿ ಏನು ಮಾಡೋಣ?

ಅ) ಮನೆಯಿಂದ ಹೊರಡುವ ಮುಂಚೆಯೇ ಓಡಿಸುವವರ ಹೆಸರನ್ನು ಎಲ್ಲರ ಮುಂದೆ ಹೇಳಿ. ಲೈಸೆನ್ಸ್ ಇರುವ ಮಗಳೋ ಸೊಸೆಯೋ ಆಗಬಹುದು. ಹದಿನೆಂಟು ತುಂಬದ ಹುಡುಗನ ಕೈಗೆ ಮಾತ್ರ ಕೊಡಬೇಡಿ. 199ಎ ಕಲಮಿನಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ.

ಆ) ಔತಣ ಮಾಡುವವರು ಕುಡಿದವರ ಕೀ ತೆಗೆದಿಟ್ಟುಕೊಳ್ಳಲಿ. ಒಂದು ಚಾಪೆ, ಹೊದಿಕೆ ಕೊಟ್ಟು ರಾತ್ರಿ ಉಳಿಸಿಕೊಳ್ಳಲಿ. ಅತಿಥಿ ಸತ್ಕಾರ ಎಂದರೆ ಇದೂ ಹೌದು.

ಇ) ಗ್ಲಾಸು ಮುಟ್ಟದವರು ಯಾರೂ ಸಿಗದಿದ್ದರೆ ಗಾಡಿ ಅಲ್ಲೇ ಇರಲಿ. ಬಸ್ಸಿಗೋ ಆಟೊಗೋ ಹೋಗಿ.

ಈ) ತಾಯಂದಿರೇ, ನಾಲ್ಕು ಜನರ ಮುಂದೆ ಗಂಡನಿಗೆ ಅವಮಾನವಾದೀತೆಂದು ಅಂಜಿ, ಮಗುವನ್ನೆತ್ತಿಕೊಂಡು ಕುಡಿದವರ ಹಿಂದೆ ಕೂರಬೇಡಿ. ಹಿರಿಯರೇ, ಆ ಮಾತನ್ನು ಅವಳ ಬಾಯಿಂದ ಬರಲೆಂದು ಕಾಯದೆ ನೀವೇ ಆಡಿ. "ಬೇಡ ಕಣಪ್ಪ, ಕೀ ಇಲ್ಲಿ ಕೊಡು" ಎಂದು ಸೋದರಮಾವ ಹೇಳಿದರೆ ಅವಮಾನವಾಗುವುದಿಲ್ಲ.

ಚಿಂತನೆಗೆ

ಕಳೆದ ಸಲ ಔತಣಕ್ಕೆ ಹೋದಾಗ ನಮ್ಮ ಗಾಡಿ ಓಡಿಸಿದವರು ಯಾರು? ಬಲವಂತ ಮಾಡಿ ಕುಡಿಸಿದವರಲ್ಲಿ ನಾವೂ ಇದ್ದೆವೆ?

ಪ್ರಾರ್ಥನೆ

ಪ್ರಭು ಯೇಸುವೇ, ದಯಾಳುವಾದ ಸಮಾರಿಯದವನು ಗಾಯಗೊಂಡವನನ್ನು ತನ್ನ ವಾಹನಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದನು. ನಮ್ಮ ಜೊತೆ ಹೊರಟವರನ್ನು ಸುರಕ್ಷಿತವಾಗಿ ಮನೆ ಸೇರಿಸುವ ಪ್ರೀತಿಯನ್ನೂ, ಬೇಡ ಎನ್ನಬೇಕಾದಾಗ ಬೇಡವೆನ್ನುವ ಧೈರ್ಯವನ್ನೂ ನಮಗೆ ದಯಪಾಲಿಸಿರಿ. ಆಮೆನ್.