ಗಜೇಂದ್ರಗಡದ ಒಪ್ಪಂದ: ವಿದೇಶನೀತಿಯ ಒಂದು ಪಾಠ

ವಿದೇಶನೀತಿಯೆಂದೊಡನೆ ನಮ್ಮ ದೃಷ್ಟಿ ದಿಲ್ಲಿ, ವಾಷಿಂಗ್ಟನ್‌ಗಳತ್ತ ಹೊರಳುತ್ತದೆ. ಆದರೆ ಅದರ ದೊಡ್ಡದೊಂದು ಪಾಠ ನಮ್ಮ ನರಗುಂದ, ಗಜೇಂದ್ರಗಡಗಳ ಕೋಟೆಗಳಲ್ಲಿಯೇ ಅಡಗಿದೆ. ಅದನ್ನು ಸಹಪಾಠಿಗಳ ಮುಂದಿಡಬಯಸುತ್ತೇನೆ.

ನರಗುಂದವು ಮೈಸೂರು, ಪುಣೆಗಳ ನಡುವೆ ಸಿಲುಕಿದ ಸಣ್ಣ ಸಂಸ್ಥಾನ. ಟೀಪೂ ಸುಲ್ತಾನನು ಹೆಚ್ಚಿನ ಕಪ್ಪ ಕೇಳಿದನು. ಭಾವೆ ಮನೆತನದ ವೆಂಕಟರಾಯನು ಪೇಶ್ವೆಯ ಆಸರೆಯನ್ನು ನೆಚ್ಚಿದನು. 1785ರಲ್ಲಿ ಕೋಟೆ ಮೈಸೂರಿನ ವಶವಾಯಿತು. ಮರುವರ್ಷ ಮರಾಠರೂ ನಿಜಾಮನೂ ಕೂಡಿ ಬಾದಾಮಿಯನ್ನು ಗೆದ್ದರು. 1787ರಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು. ಟೀಪೂ 48 ಲಕ್ಷ ರೂಪಾಯಿ ತೆರಲೂ ಬಾದಾಮಿ, ನರಗುಂದ, ಕಿತ್ತೂರುಗಳನ್ನು ಬಿಟ್ಟುಕೊಡಲೂ ಒಪ್ಪಿದನು.

ರಣದಲ್ಲಿ ಪೂರ್ತಿ ಸೋಲದವನು ಏಕೆ ಮಣಿದನು? ಇಂಗ್ಲಿಷರ ಭಯವೇ ಅದರ ಮುಖ್ಯ ಕಾರಣವೆಂದು ತೋರುತ್ತದೆ. ನೆರೆಯವರೊಡನೆ ಶಾಂತಿ ಅವನಿಗೆ ಬೇಕಾಗಿತ್ತು. ಆದರೆ ಹಣದಿಂದ ಯುದ್ಧ ನಿಂತಿತು, ಸಂಶಯ ನಿಲ್ಲಲಿಲ್ಲ. 1790ರಲ್ಲಿ ಅದೇ ನೆರೆಯವರು ಇಂಗ್ಲಿಷರನ್ನು ಕೂಡಿದರು. 1792ರಲ್ಲಿ ಅವನ ಅರ್ಧರಾಜ್ಯ ಹೋಯಿತು. ಫ್ರಾನ್ಸಿಗೆ, ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದ ರಾಯಭಾರಿಗಳಿಂದ ಸೈನ್ಯವೇನೂ ಬರಲಿಲ್ಲ.

ಗೆದ್ದವರಾದರೂ ಉಳಿದರೆ? 1818ರಲ್ಲಿ ಪೇಶ್ವೆಯ ಆಳಿಕೆ ಅಳಿಯಿತು. 1858ರಲ್ಲಿ ನರಗುಂದದ ಬಾಬಾಸಾಹೇಬನು ಬಂಡೆದ್ದಾಗ ಕಾಯಲು ಪುಣೆಯಲ್ಲಿ ಯಾರೂ ಇರಲಿಲ್ಲ. ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು.

ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಆದರೂ ಈ ತತ್ತ್ವ ಒಕ್ಕಲುತನದ ನಮ್ಮ ಹಿರಿಯರಿಗೆ ಹೊಸದಲ್ಲ: ಬದುವಿನ ಜಗಳವನ್ನು ಬದುವಿನ ಮೇಲೆಯೇ ಕುಳಿತು ತೀರಿಸಬೇಕು, ಮೂರನೆಯವನು ನಡುವೆ ಬಂದರೆ ಎರಡು ಹೊಲಗಳೂ ಅವನವೇ. ರಾಷ್ಟ್ರದ ಭದ್ರತೆ ಸೈನ್ಯದಿಂದಷ್ಟೇ ಅಲ್ಲ, ನೆರೆಯವರ ನಂಬಿಕೆಯಿಂದಲೂ ಕಟ್ಟಬೇಕಾದುದು.