ನೋಬಿತಾನ ಸಾಲ, ಚಿಹಿರೋಳ ಹೆಸರು: ಜಪಾನಿನ ಅನಿಮೆಯಲ್ಲಿ ಹಣದ ಕಥೆ

ಡೋರೆಮಾನ್ ನೋಬಿತಾನ ಮನೆಗೆ ಬಂದದ್ದು ಏಕೆ? ನಮ್ಮ ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ‘ಅವನಿಗೆ ಸಹಾಯ ಮಾಡೋಕೆ’ ಎನ್ನುತ್ತಾರೆ. ಅದು ಅರ್ಧ ಉತ್ತರ. ನಿಜವಾದ ಕಾರಣ ಸಾಲ.

ಮೊದಲ ಕಥೆಯಲ್ಲಿಯೇ ಇದು ಬರುತ್ತದೆ. ನೋಬಿತಾ ದೊಡ್ಡವನಾದ ಮೇಲೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗುತ್ತಾನೆ. ಎಲ್ಲಿಯೂ ಕೆಲಸ ಸಿಗದೆ ತಾನೇ ಒಂದು ಕಂಪನಿ ತೆರೆಯುತ್ತಾನೆ. ಅದಕ್ಕೆ ಬೆಂಕಿ ಬೀಳುತ್ತದೆ, ಆಮೇಲೆ ಕಂಪನಿ ದಿವಾಳಿ. ಸಾಲ ಎಷ್ಟೆಂದರೆ ನೂರು ವರ್ಷ ಕಳೆದರೂ ತೀರುವುದಿಲ್ಲ. ನಮ್ಮ ಮನೆಗಳಲ್ಲಿ ಹಬ್ಬದ ದಿನ ಹಿರಿಯರು ಮಕ್ಕಳಿಗೆ ಈದಿ ಕೊಡುವ ಹಾಗೆ ಜಪಾನಿನಲ್ಲಿ ಹೊಸ ವರ್ಷಕ್ಕೆ ಮಕ್ಕಳ ಕೈಗೆ ಹಣ ಕೊಡುತ್ತಾರೆ. ನೋಬಿತಾನ ಮೊಮ್ಮಗನ ಮೊಮ್ಮಗ ಸೆವಾಶಿಗೆ ಹಾಗೆ ಸಿಕ್ಕಿದ್ದು ಬರೀ 50 ಯೆನ್. ಅಜ್ಜನ ಹಣೆಬರಹ ಬದಲಾಯಿಸಲೆಂದು ಅವನೇ ಡೋರೆಮಾನ್‌ನನ್ನು ಹಿಂದಿನ ಕಾಲಕ್ಕೆ ಕರೆತರುತ್ತಾನೆ.

ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಓದುವ ‘ಅಪರಿಮಿತ ಹೊಣೆಗಾರಿಕೆ’ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. (ಪುಸ್ತಕದಲ್ಲಿ ಅದು ಮಾಲೀಕನ ಸ್ವಂತ ಆಸ್ತಿಗೆ ನಿಲ್ಲುತ್ತದೆ, ಮರಿಮಕ್ಕಳ ಕಾಲದವರೆಗೆ ಹೋಗುವುದಿಲ್ಲ. ಕಥೆ ಬರೆದವರು ಸ್ವಲ್ಪ ಹೆಚ್ಚೇ ಎಳೆದಿದ್ದಾರೆ.)

ಜಪಾನಿನ ಕಾರ್ಟೂನ್ ಚಿತ್ರಗಳಿಗೆ ಅನಿಮೆ ಎಂದು ಹೆಸರು. ಅನಿಮೇಷನ್ ಎಂಬ ಪದವನ್ನೇ ಅವರು ಕತ್ತರಿಸಿ ಹಾಗೆ ಮಾಡಿಕೊಂಡಿದ್ದಾರೆ. ನಮ್ಮಂಥ ಉರ್ದು ಮಾತನಾಡುವ ಮನೆಗಳ ಮಕ್ಕಳಿಗೆ ಹಿಂದಿ ಡಬ್ಬಿಂಗ್ ಅರ್ಥಮಾಡಿಕೊಳ್ಳಲು ಕಷ್ಟವೇ ಆಗಲಿಲ್ಲ, ಆದ್ದರಿಂದ ನಾವು ಇವನ್ನು ನಗುತ್ತಾ ನೋಡಿ ಬೆಳೆದೆವು. ಈಗ ಕಾಮರ್ಸ್ ವಿದ್ಯಾರ್ಥಿಯಾಗಿ ನೋಡಿದರೆ ಆ ನಗುವಿನ ಹಿಂದೆ ಒಂದು ದೇಶದ ಲೆಕ್ಕದ ಪುಸ್ತಕವೇ ಕಾಣುತ್ತದೆ. ಎಲ್ಲ ಅನಿಮೆಯೂ ಹಾಗಿಲ್ಲ. ಹೊಡೆದಾಟ ತೋರಿಸಿ ಆಟಿಕೆ ಮಾರುವುದಕ್ಕಾಗಿಯೇ ಮಾಡಿದವು ಬೇಕಾದಷ್ಟಿವೆ.

ಫುಜಿಕೋ ಎಫ್. ಫುಜಿಯೋ ಅವರ ಡೋರೆಮಾನ್ ಚಿತ್ರಕಥೆ ಮಕ್ಕಳ ಪತ್ರಿಕೆಗಳ 1970ರ ಜನವರಿ ಸಂಚಿಕೆಯಲ್ಲಿ ಶುರುವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1968ರಲ್ಲಿ, ಜಪಾನ್ ಪಶ್ಚಿಮ ಜರ್ಮನಿಯನ್ನು ಹಿಂದೆ ಹಾಕಿ ಬಂಡವಾಳಶಾಹಿ ದೇಶಗಳಲ್ಲಿ ಅಮೆರಿಕದ ನಂತರದ ಎರಡನೇ ದೊಡ್ಡ ಆರ್ಥಿಕತೆಯಾಗಿತ್ತು. ನೋಬಿತಾ, ಜಿಯಾನ್, ಸುನಿಯೋ ಆಡುವ ಖಾಲಿ ಜಾಗದಲ್ಲಿ ಮೂರು ದೊಡ್ಡ ಸಿಮೆಂಟ್ ಪೈಪುಗಳು ಬಿದ್ದಿರುತ್ತವಲ್ಲ, ನೆನಪಿದೆಯೇ? ಅವು ಸುಮ್ಮನೆ ಬಿಡಿಸಿದ ಪೈಪುಗಳಲ್ಲ. ಟೋಕಿಯೋ ಆಗ ಬೀದಿಬೀದಿಯಲ್ಲಿ ಒಳಚರಂಡಿ ಹಾಕಿಸುತ್ತಿತ್ತು, ಅಂಥ ಪೈಪುಗಳು ಖಾಲಿ ಸೈಟುಗಳಲ್ಲಿ ಬಿದ್ದಿರುತ್ತಿದ್ದವು. ಇಂದು ಅಂಥ ಖಾಲಿ ಜಾಗ ಟೋಕಿಯೋದಲ್ಲಿ ಸಿಗುವುದೇ ಅಪರೂಪ. ಕಾರ್ಟೂನಿನಲ್ಲಿ ಮಾತ್ರ ಪೈಪುಗಳು ಅಲ್ಲೇ ಇವೆ. ನೋಬಿತಾನ ಸೊನ್ನೆ ಅಂಕಕ್ಕೆ ಅಮ್ಮ ಅಷ್ಟು ಕಿರುಚುವುದಕ್ಕೂ ಕಾರಣವಿದೆ. ದೊಡ್ಡ ಕಂಪನಿಗಳು ಕಾಲೇಜು ಮುಗಿಸಿದವರನ್ನು ಒಟ್ಟಿಗೆ ಸೇರಿಸಿಕೊಂಡು ನಿವೃತ್ತಿಯವರೆಗೂ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಆ ರೈಲು ಒಮ್ಮೆ ತಪ್ಪಿದರೆ ಮತ್ತೆ ಹತ್ತುವುದು ಕಷ್ಟ. ನೋಬಿತಾನಿಗೆ ಆಗುವುದೂ ಅದೇ.

ಶಿನ್‌ಚಾನ್‌ಗೆ ಬನ್ನಿ. ನಾವು ನೋಡಿದ್ದು ಅವನ ತುಂಟತನ, ಅಪ್ಪನ ಕಾಲ್ಚೀಲದ ವಾಸನೆ. ಯೊಶಿತೊ ಉಸುಯಿ ಇದನ್ನು ಬರೆಯಲು ಶುರುಮಾಡಿದ್ದು 1990ರಲ್ಲಿ, ಟಿವಿಗೆ ಬಂದದ್ದು 1992ರ ಏಪ್ರಿಲ್‌ನಲ್ಲಿ. ಈ ಎರಡು ವರ್ಷಗಳನ್ನು ಗಮನಿಸಿ. 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಭೂಮಿ ಮತ್ತು ಷೇರುಗಳ ಬೆಲೆ ಹುಚ್ಚೆದ್ದು ಏರಿತ್ತು. ಷೇರುಪೇಟೆಯ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ ಕೊನೆಗೆ 38,915 ಮುಟ್ಟಿತು. ಆಮೇಲೆ ಗುಳ್ಳೆ ಒಡೆಯಿತು. 1992ರ ಆಗಸ್ಟ್‌ನಲ್ಲಿ ಸೂಚ್ಯಂಕ 15,000ಕ್ಕಿಂತ ಕೆಳಗೆ ಇಳಿದಿತ್ತು. ಭೂಮಿಯ ಬೆಲೆಯೂ ಜಾರಿತು. ದುಬಾರಿ ಕಾಲದಲ್ಲಿ ಸಾಲ ಮಾಡಿ ಮನೆ ತೆಗೆದುಕೊಂಡವರ ಮನೆಯ ಬೆಲೆ ಇಳಿಯಿತು, ಕಂತು ಇಳಿಯಲಿಲ್ಲ.

ಶಿನ್‌ಚಾನ್‌ನ ಅಪ್ಪ ಹಿರೋಶಿ ಉತ್ತರದ ಅಕಿತಾದಿಂದ ಬಂದವನು, ಅಮ್ಮ ಮಿಸಾಯೆ ದಕ್ಷಿಣದ ಕ್ಯೂಶು ದ್ವೀಪದವಳು. ಇಬ್ಬರೂ ಊರು ಬಿಟ್ಟು ಟೋಕಿಯೋ ಹೊರವಲಯದ ಕಸುಕಾಬೆಯಲ್ಲಿ ಮನೆ ಮಾಡಿದ್ದಾರೆ. ಅವನು ದಿನಾ ಕಿಕ್ಕಿರಿದ ರೈಲಿನಲ್ಲಿ ಟೋಕಿಯೋ ಆಫೀಸಿಗೆ ಹೋಗಿಬರುತ್ತಾನೆ. ಅವಳು ಸೇಲ್ ಎಲ್ಲಿದ್ದರೂ ಓಡುತ್ತಾಳೆ, ಗಂಡನ ಕೈಖರ್ಚಿಗೆ ಎಣಿಸಿ ಕೊಡುತ್ತಾಳೆ. ಮನೆಸಾಲ ಇನ್ನೂ 32 ವರ್ಷ ಬಾಕಿ. ಇದನ್ನು ಅವರು ತಮಾಷೆಯಾಗಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ, ಜಪಾನಿನಲ್ಲಿ ಟಿವಿ ಮುಂದೆ ಕೂತ ಅಪ್ಪಂದಿರು ಯಾಕೆ ನಕ್ಕಿರಬಹುದು ಎಂದು ಈಗ ಅರ್ಥವಾಗುತ್ತದೆ. ನಾನೊಂದು ಲೆಕ್ಕ ಹಾಕಿ ನೋಡಿದೆ. 1992ಕ್ಕೆ 32 ಕೂಡಿಸಿದರೆ 2024. ನಿಕ್ಕೇ ಸೂಚ್ಯಂಕ 1989ರ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ! ಹಿರೋಶಿಗೆ ಮಾತ್ರ ವಯಸ್ಸಾಗುವುದಿಲ್ಲ, ಸಾಲವೂ ತೀರುವುದಿಲ್ಲ.

ಒಡೆದ ಗುಳ್ಳೆಯನ್ನು ನೇರವಾಗಿ ತೋರಿಸಿದ ಚಿತ್ರ ಹಯಾವೊ ಮಿಯಾಝಾಕಿ ಅವರ ‘ಸ್ಪಿರಿಟೆಡ್ ಅವೇ’ (2001). ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್, 2003ರಲ್ಲಿ ಆಸ್ಕರ್ ಎರಡೂ ಇದಕ್ಕೆ ಬಂದವು. ಹತ್ತು ವರ್ಷದ ಚಿಹಿರೋ ಅಪ್ಪ ಅಮ್ಮನ ಜೊತೆ ದಾರಿ ತಪ್ಪಿ ಒಂದು ಪಾಳು ಊರಿಗೆ ಬರುತ್ತಾಳೆ. ಇದು ಮುಚ್ಚಿಹೋದ ಥೀಮ್ ಪಾರ್ಕ್ ಇರಬೇಕು, 1990ರ ಸುಮಾರಿಗೆ ಎಲ್ಲೆಡೆ ಕಟ್ಟಿದರು, ಆರ್ಥಿಕತೆ ಕುಸಿದಾಗ ಎಲ್ಲವೂ ಮುಳುಗಿದವು ಎನ್ನುತ್ತಾನೆ ಅಪ್ಪ. ಖಾಲಿ ಅಂಗಡಿಯಲ್ಲಿ ಊಟ ಕಂಡಾಗ ಗಂಡ ಹೆಂಡತಿ ಕೇಳದೆ ತಿನ್ನಲು ಕೂರುತ್ತಾರೆ. ತನ್ನ ಬಳಿ ಕ್ರೆಡಿಟ್ ಕಾರ್ಡೂ ಇದೆ, ನಗದೂ ಇದೆ ಎಂದು ಅಪ್ಪನ ಧೈರ್ಯ. ತಿನ್ನುತ್ತಾ ತಿನ್ನುತ್ತಾ ಇಬ್ಬರೂ ಹಂದಿಗಳಾಗುತ್ತಾರೆ.

ಚಿಹಿರೋ ಯುಬಾಬಾ ಎಂಬ ಮಾಟಗಾತಿಯ ಸ್ನಾನಗೃಹದಲ್ಲಿ ಕೆಲಸಕ್ಕೆ ಸೇರಬೇಕಾಗುತ್ತದೆ. ಕೆಲಸ ಮಾಡದವರಿಗೆ ಅಲ್ಲಿ ಜಾಗವಿಲ್ಲ, ಪ್ರಾಣಿಗಳಾಗಿ ಬಿಡುತ್ತಾರೆ. ಹುಡುಗಿ ಕರಾರುಪತ್ರಕ್ಕೆ ಸಹಿ ಹಾಕಿದ ಕೂಡಲೇ ಯುಬಾಬಾ ಕಾಗದದ ಮೇಲಿಂದ ಅವಳ ಹೆಸರಿನ ಅಕ್ಷರಗಳನ್ನು ಎತ್ತಿಕೊಳ್ಳುತ್ತಾಳೆ. ಉಳಿಯುವುದು ಒಂದೇ ಅಕ್ಷರ, ಅದನ್ನು ಬೇರೆಯಾಗಿ ಓದಿದರೆ ‘ಸೆನ್’. ಸೆನ್ ಎಂದರೆ ಸಾವಿರ. ಹುಡುಗಿಯ ಹೆಸರು ಹೋಗಿ ಒಂದು ಸಂಖ್ಯೆ ಉಳಿಯಿತು. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ದೃಶ್ಯ ಇದು. ಮುಖವಿಲ್ಲದ ಒಂದು ಜೀವಿ ಅಂಗೈಯಿಂದ ಚಿನ್ನ ಸುರಿಸಿದಾಗ ಕೆಲಸಗಾರರೆಲ್ಲ ಬಾಗಿ ಬಾಗಿ ಊಟ ತಂದಿಡುತ್ತಾರೆ. ಆ ಚಿನ್ನ ಕೊನೆಗೆ ಮಣ್ಣಾಗುತ್ತದೆ. ಬೇಡ ಎಂದವಳು ಚಿಹಿರೋ ಒಬ್ಬಳೇ.

ಹಾಗೆಂದು ಮಿಯಾಝಾಕಿ ದುಡಿಮೆಯನ್ನು ಕೆಟ್ಟದ್ದೆನ್ನುವುದಿಲ್ಲ. ನೆಲ ಒರೆಸುತ್ತಲೇ ಆ ಅಳುಬುರುಕಿ ಗಟ್ಟಿಯಾಗುತ್ತಾಳೆ. ಜಪಾನಿನ ಶಿಂಟೋ ನಂಬಿಕೆಯಲ್ಲಿ ನದಿ, ಮರ, ಬೆಟ್ಟಗಳಿಗೂ ದೈವಗಳಿವೆ. ಅಂಥ ಒಂದು ನದಿಯ ದೈವ ದುರ್ವಾಸನೆ ಬೀರುತ್ತಾ ಸ್ನಾನಕ್ಕೆ ಬಂದಾಗ ಅದರ ಮೈಯಿಂದ ಅವಳು ಎಳೆದು ತೆಗೆಯುವುದು ಒಂದು ಹಳೆಯ ಸೈಕಲ್, ಅದರ ಹಿಂದೆ ರಾಶಿ ಕಸ. ಅವಳ ಗೆಳೆಯ ಹಾಕು ಕೂಡ ಒಂದು ನದಿಯೇ. ಅಪಾರ್ಟ್‌ಮೆಂಟ್ ಕಟ್ಟಲು ಆ ನದಿಯನ್ನು ಮುಚ್ಚಿದ್ದರಿಂದ ಅವನಿಗೆ ಮರಳಿ ಹೋಗಲು ಜಾಗವಿಲ್ಲ. ಇಸಾವೊ ತಕಹಾತಾ ಅವರ ‘ಪೊಂ ಪೊಕೊ’ (1994) ಚಿತ್ರದಲ್ಲಿ ಟೋಕಿಯೋ ಬಳಿಯ ತಾಮಾ ನ್ಯೂ ಟೌನ್ ಬಡಾವಣೆಗಾಗಿ ಬೆಟ್ಟ ಕಡಿಯುವಾಗ ಕಾಡುಪ್ರಾಣಿಗಳೇ ತಿರುಗಿ ಬೀಳುತ್ತವೆ. ಆ ಬಡಾವಣೆ ನಿಜವಾಗಿಯೂ ಇದೆ. ಪ್ರಾಣಿಗಳು ಗೆಲ್ಲಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ತೋರಿಸುವ ಉದ್ಯಮದ ಸ್ವಂತ ಲೆಕ್ಕ ಹೇಗಿದೆ? ಒಸಾಮು ತೆಝುಕಾ ಅವರ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಟಿವಿಯಲ್ಲಿ ಶುರುವಾಯಿತು. ಪ್ರತಿ ವಾರ ಅರ್ಧ ಗಂಟೆ. ಅವಕಾಶ ಕೈತಪ್ಪಬಾರದೆಂದು ತೆಝುಕಾ ಅದನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಒಪ್ಪಿಕೊಂಡರು, ನಷ್ಟವನ್ನು ಪಾತ್ರದ ಚಿತ್ರವಿರುವ ಸಾಮಾನುಗಳಿಂದ ತುಂಬಿಸಿಕೊಂಡರು. ಸೆಕೆಂಡಿಗೆ 24 ಚಿತ್ರ ಬೇಕಾದಲ್ಲಿ ಎಂಟೇ ಬಿಡಿಸಿ, ಒಂದೊಂದನ್ನೂ ಮೂರು ಬಾರಿ ತೋರಿಸುವುದು ರೂಢಿಯಾಯಿತು. ಅವರ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು, ಅಗ್ಗದ ದರದ ಅಭ್ಯಾಸ ಮಾತ್ರ ಉಳಿಯಿತು. ಕೆಳಹಂತದ ಚಿತ್ರಕಾರರಲ್ಲಿ ಅನೇಕರಿಗೆ ಇಂದಿಗೂ ಬಿಡಿಸಿದ ಚಿತ್ರವೊಂದಕ್ಕೆ ಇಷ್ಟು ಎಂದು ಕೂಲಿ, ನಮ್ಮಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಎಂದು ಕೊಡುವ ಹಾಗೆ.

ಮಿಯಾಝಾಕಿ, ತಕಹಾತಾ ಅವರ ಘಿಬ್ಲಿ ಸ್ಟುಡಿಯೋ 1990ರ ಹೊತ್ತಿಗೆ ಇದನ್ನು ಬದಲಾಯಿಸಲು ನೋಡಿತು. ಚಿತ್ರಕಾರರನ್ನು ಸಂಬಳದ ಕಾಯಂ ನೌಕರರನ್ನಾಗಿ ಮಾಡಿಕೊಂಡಿತು. ‘ಸ್ಪಿರಿಟೆಡ್ ಅವೇ’ ಅಂಥ ನೌಕರರ ಕೈಯಿಂದ ಬಂದ ಚಿತ್ರ. 2014ರಲ್ಲಿ ಸ್ಟುಡಿಯೋ ಚಿತ್ರ ತಯಾರಿಕೆಯನ್ನು ನಿಲ್ಲಿಸಿತು. ಮಿಯಾಝಾಕಿ ಮತ್ತೆ ಚಿತ್ರ ಮಾಡಲು ಹೊರಟಾಗ, 2017ರಲ್ಲಿ, ಹೊಸ ಚಿತ್ರಕಾರರು ಬೇಕೆಂದು ಜಾಹೀರಾತು ಕೊಟ್ಟಿತು: ಸಂಬಳ ತಿಂಗಳಿಗೆ 2 ಲಕ್ಷ ಯೆನ್‌ನಿಂದ ಆರಂಭ, ಕರಾರು ಮೂರು ವರ್ಷಕ್ಕೆ.